ಏಳನೇ ಯಾರ್ಡಿನ ಕೆಂಪು ಸಿಗ್ನಲ್

ಮೆಣಸಕ್ಕ ಎಂದು ಅವಳಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಯೋಚಿಸಿಯೇ ಇಟ್ಟಿದ್ದರು. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಇವಳಿಗೆ ನಾಲಗೆಯ ಮೇಲೆಯೇ ಮನೆ ಮಾಡಿತ್ತು. ಹಗಲೆಲ್ಲ ಒಂದು ಪೈಪು ಗೋದಾಮಿನಲ್ಲಿ ಕೂತು, ಯಾವ ಅಳತೆಯ ಪೈಪು ಎಷ್ಟು ಉಳಿದಿದೆ ಎಂದು ತೋರಿಸುವ ಪ್ರೋಗ್ರಾಮು ನೋಡಿಕೊಳ್ಳುವುದು ಅವಳ ಹೊಟ್ಟೆಪಾಡು. ಬೆಳಿಗ್ಗೆ ಗೋದಾಮಿಗೆ ಹೊರಡುವ ಮುಂಚೆ, ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಆಟ ಬರೆಯುವುದು ಅವಳ ಬದುಕು. ಆ ಹೊತ್ತಿನಲ್ಲಿ ಬಾಗಿಲು ತಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಟವಾದರೂ ಎಂಥ ಕಂಪ್ಯೂಟರಿಗೆ! ಅದನ್ನು ಮಾಡಿದ ಕಂಪನಿ ಮುಚ್ಚಿ ಒಂದು ತಲೆಮಾರೇ ಕಳೆದಿತ್ತು. ಬೂದು ಬಣ್ಣದ, ರಬ್ಬರ್ ಗುಂಡಿಗಳ ಪುಟ್ಟ ಪೆಟ್ಟಿಗೆ. ಪಕ್ಕದಲ್ಲಿ ಫ್ಲಾಪಿ ನುಂಗಲು ಒಂದು ಬಾಯಿ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರೊಳಗೆ ಹಿಡಿಸುವುದಿಲ್ಲ. ಇಟ್ಟುಕೊಂಡವರು ಅದನ್ನು ಬೂದಿ ಎಂದು ಕರೆಯುತ್ತಿದ್ದರು, ತಮ್ಮನ್ನು ಬೂದಿಯವರು ಎಂದುಕೊಳ್ಳುತ್ತಿದ್ದರು. ಎಲ್ಲರನ್ನೂ ಒಟ್ಟು ಹಾಕಿದರೂ ಒಂದು ಸಿನಿಮಾ ಟಾಕೀಸು ತುಂಬದಷ್ಟು ಜನ. ಹುಚ್ಚು ಮಾತ್ರ ನಾಲ್ಕು ಟಾಕೀಸಿಗೆ ಸಾಕಾಗುವಷ್ಟು. ಹೊಸ ಆಟ ಬಂದರೆ ಫ್ಲಾಪಿಯಲ್ಲೇ ಬರಬೇಕು, ಫ್ಲಾಪಿ ಡಬ್ಬಿಯಲ್ಲಿ ಬರಬೇಕು, ಡಬ್ಬಿಯ ಮೇಲೆ ಬಣ್ಣದ ಚಿತ್ರ ಇರಬೇಕು. ಇಲ್ಲದಿದ್ದರೆ ಮದುವೆಗೆ ಕರೆದು ಊಟ ಹಾಕದವರ ಹಾಗೆ ಮುಖ ಮಾಡುತ್ತಿದ್ದರು. ಅವರೆಲ್ಲ ಹರಟುವ ಇಂಟರ್‌ನೆಟ್ಟಿನ ತಾಣಕ್ಕೆ ‘ಕಟ್ಟೆ’ ಎಂದು ಹೆಸರು. ಅಲ್ಲಿ ಒಬ್ಬ ಸೀನಿದರೆ ಉಳಿದವರಿಗೆಲ್ಲ ನೆಗಡಿ.

ಮೆಣಸಕ್ಕ ಆಟ ಬರೆದರೆ ಅದನ್ನು ಮಾರುವುದು ಭಾವನ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಭಾವ ಫ್ಲಾಪಿಗಳಿಗೆ ಆಟ ನಕಲು ಮಾಡಿ ಕೊಡುತ್ತಿದ್ದ, ಅಕ್ಕ ಚೀಟಿ ಅಂಟಿಸಿ, ಡಬ್ಬಿಗೆ ತುಂಬಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತುತ್ತಿದ್ದಳು. ಭಾವ ಸದಾ ನಗುವ ಮನುಷ್ಯ. ಆ ನಗು ಕಂಡರೂ ಮೆಣಸಕ್ಕನಿಗೆ ಸಿಟ್ಟು ಬರುತ್ತಿತ್ತು.

ಸಿಟ್ಟಿಗೆ ನಿಜವಾದ ಕಾರಣ ಬೇರೆ ಇತ್ತು. ಅದರ ಹೆಸರು ಇಲಿ. ಇಲಿ ಎಂದರೆ ಯಾರು, ಗಂಡೋ ಹೆಣ್ಣೋ, ಯಾರಿಗೂ ತಿಳಿಯದು. ಹೊಸ ಆಟ ಹೊರಬಂದ ತಕ್ಷಣ ಅದರ ಬೀಗ ಮುರಿದು, ಪುಕ್ಕಟೆ ನಕಲನ್ನು ಊರಿಗೆಲ್ಲ ಹಂಚುವುದು ಅದರ ಕಸುಬು. ಮೆಣಸಕ್ಕ ಎರಡು ವರ್ಷ ಕೂತು ಬರೆದ ಹಿಂದಿನ ಆಟವನ್ನು ಇಲಿ ಒಂದೇ ವಾರದಲ್ಲಿ ಕೊರೆದು ಹಾಕಿತ್ತು. ದೊಡ್ಡ ಸಂತೆಯಲ್ಲಿ ಒಂದು ಮೂಟೆ ಕಳುವಾದರೆ ಗೊತ್ತಾಗುವುದಿಲ್ಲ; ಇಷ್ಟು ಸಣ್ಣ ಸಂತೆಯಲ್ಲಿ ಒಂದು ಹಿಡಿ ಹೋದರೂ ತಕ್ಕಡಿ ಮೇಲೇಳುತ್ತದೆ. ಆಟ ಕೊಳ್ಳುವವರೇ ನಿಂತುಹೋದರು. ಅದಕ್ಕಿಂತ ಹೆಚ್ಚು ಉರಿ ಹತ್ತಿಸಿದ್ದು, ಕದ್ದು ಆಡಿದವರೇ ಕಟ್ಟೆಗೆ ಬಂದು, “ಮೂರನೇ ಹಂತ ಸ್ವಲ್ಪ ಸಪ್ಪೆ ಆಯ್ತು ಮೆಣಸಕ್ಕ” ಎಂದು ಬುದ್ಧಿ ಹೇಳಿದ್ದು. ಮಾಡಿಟ್ಟ ಅನ್ನವನ್ನು ಕದ್ದು ತಿಂದವನು ಉಪ್ಪು ಕಡಿಮೆ ಎಂದರೆ ಯಾರ ರಕ್ತ ಕುದಿಯುವುದಿಲ್ಲ? ಅವಳಿಗೆ ಸಿಟ್ಟು ಬಂದದ್ದು ನ್ಯಾಯವೇ. ಆ ಸಿಟ್ಟನ್ನು ಅವಳು ಎಲ್ಲಿಗೆ ತೆಗೆದುಕೊಂಡು ಹೋದಳು ಎಂಬುದೇ ಈ ಕತೆ.

ಹೊಸ ಆಟದ ಹೆಸರು ‘ಯಾರ್ಡು’. ರೈಲು ಬೋಗಿಗಳನ್ನು ಹಿಂದೆ ಮುಂದೆ ತಳ್ಳಿ, ಹಳಿಯಿಂದ ಹಳಿಗೆ ಬದಲಿಸಿ, ಹೇಳಿದ ಕ್ರಮದಲ್ಲಿ ಜೋಡಿಸಬೇಕು. ಸರಿಯಾಗಿ ಜೋಡಿಸಿದರೆ ಸಿಗ್ನಲ್ ಹಸಿರಾಗಿ ರೈಲು ಹೊರಡುತ್ತದೆ, ಮುಂದಿನ ಯಾರ್ಡು ತೆರೆಯುತ್ತದೆ. ಒಟ್ಟು ಏಳು ಯಾರ್ಡು. ಕೊನೆಯದನ್ನು ಬಿಡಿಸಲು ಒಳ್ಳೊಳ್ಳೆಯವರಿಗೂ ವಾರಗಟ್ಟಲೆ ಬೇಕು.

ಅದರೊಳಗೆ ಅವಳು ಇಲಿಗೊಂದು ಬೋನು ಇಟ್ಟಳು. ಫ್ಲಾಪಿಯ ಒಂದು ಮೂಲೆಯನ್ನು ಬೇಕೆಂದೇ ಕೆಡಿಸಿದಳು. ಸಾಮಾನ್ಯ ಯಂತ್ರದಲ್ಲಿ ನಕಲು ಮಾಡಿದರೆ ಆಟವೆಲ್ಲ ಬರುತ್ತದೆ, ಆ ಕೆಟ್ಟ ಮೂಲೆ ಮಾತ್ರ ಬರುವುದಿಲ್ಲ. ಆಟ ಒಳಗಿಂದೊಳಗೇ ಆ ಮೂಲೆಯನ್ನು ಹುಡುಕುತ್ತದೆ. ಸಿಕ್ಕಿದರೆ ಇದು ಅಸಲಿ. ಸಿಗದಿದ್ದರೆ ಕದ್ದದ್ದು, ಆದರೆ ಆಗಲೂ ಬಾಯಿ ಬಿಡುವುದಿಲ್ಲ. ಕಳ್ಳನನ್ನು ಆರು ಯಾರ್ಡು ಸುಖವಾಗಿ ಆಡಲು ಬಿಡುತ್ತದೆ. ಏಳನೆಯದರಲ್ಲಿ ಅವನು ಎಷ್ಟೇ ಸರಿಯಾಗಿ ಜೋಡಿಸಲಿ, ಸಿಗ್ನಲ್ ಕೆಂಪಾಗಿಯೇ ಇರುತ್ತದೆ. ಜೀವಮಾನವಿಡೀ ಬೋಗಿ ತಳ್ಳುತ್ತಿರಲಿ ಮುಂಡೇದು, ಎಂದುಕೊಂಡು ಅವಳು ಬೋನು ಬರೆದು ಮುಗಿಸಿದ ದಿನ, ಆ ವರ್ಷದಲ್ಲಿ ಮೊದಲ ಸಲ ಶಿಳ್ಳೆ ಹಾಕುತ್ತ ಮಹಡಿ ಇಳಿದಳು.

ಬೋನಿನ ವಿಷಯ ಯಾರಿಗೂ ಹೇಳಲಿಲ್ಲ. ಅಕ್ಕನಿಗೂ ಇಲ್ಲ, ಭಾವನಿಗೂ ಇಲ್ಲ. ಗೋಡೆಗೂ ಕಿವಿ ಇರುತ್ತದೆ, ಭಾವನಿಗಂತೂ ಬಾಯಿಯೂ ಇದೆ ಎಂಬುದು ಅವಳ ಲೆಕ್ಕ. ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಇದ್ದ ಹಾಗೇ ಇಳಿಸುವ, ತಾನೇ ಬರೆದ ನಕಲು ಪ್ರೋಗ್ರಾಮೊಂದನ್ನು ಹಿಂದೆಯೇ ಭಾವನ ಹಳೇ ಯಂತ್ರಕ್ಕೆ ಹಾಕಿಕೊಟ್ಟಿದ್ದಳು. ಅದು ಇದ್ದರಾಯಿತು, ಯಾಕೆ ಏನು ಎಂದು ಅವನಿಗೆ ತಿಳಿಯಬೇಕಾದ್ದೇನೂ ಇಲ್ಲ.

ಆಟ ಹೊರಬಂತು. ಜನ ಕೊಂಡರು, ಹೊಗಳಿದರು. ಕೆಲವು ವಾರಗಳ ಮೇಲೆ ಕಟ್ಟೆಯಲ್ಲಿ ಹಲ್ಲಿನ ಡಾಕ್ಟರು ಬರೆದರು.

ಹಲ್ಲಿನ ಡಾಕ್ಟರೆಂದರೆ ಬೂದಿಯವರಿಗೆಲ್ಲ ಹಿರಿಯಣ್ಣ. ಅವರ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲೇ ಒಂದು ಬೂದಿ ಇತ್ತು. ದವಡೆ ಹಿಡಿದುಕೊಂಡು ಬಂದವರು ನೋವು ಮರೆತು ಆಡುತ್ತ ಕೂರುತ್ತಿದ್ದರು. ತಿಂಗಳಿಗೊಂದು ರಜಾದಿನ ಬೂದಿಯವರೆಲ್ಲ ಸೇರುತ್ತಿದ್ದುದೂ ಅಲ್ಲಿಯೇ. ಮೆಣಸಕ್ಕನ ಮೊಟ್ಟಮೊದಲ ಆಟದ ಮೊದಲ ಡಬ್ಬಿ ಕೊಂಡವರು ಅವರು. “ನಮ್ಮ ಹುಡುಗಿ ಮಾಡಿದ್ದು ಕಣ್ರೀ” ಎಂದು ರೋಗಿಗಳ ಬಾಯಿಗೆ ಹತ್ತಿ ತುರುಕಿ, ಅವರು ಎದುರಾಡದ ಹಾಗೆ ಮಾಡಿ ಆಟದ ಗುಣಗಾನ ಮಾಡುತ್ತಿದ್ದರು.

ಅವರು ಬರೆದದ್ದು ಇಷ್ಟು: “ಏಳನೇ ಯಾರ್ಡಲ್ಲಿ ಎಲ್ಲಾ ಸರಿಯಾಗಿ ಜೋಡಿಸಿದೀನಿ ಅನ್ಸುತ್ತೆ, ಸಿಗ್ನಲ್ ಮಾತ್ರ ಹಸಿರಾಗ್ತಿಲ್ಲ. ನಾನೇ ಎಲ್ಲೋ ಎಡವಿರಬೇಕು. ಒಂದು ಸುಳಿವು ಕೊಡ್ತೀಯಾ ಮೆಣಸಕ್ಕ?” ಕೆಳಗೊಂದು ಫೋಟೋ ಹಾಕಿದ್ದರು.

ಫೋಟೋ ನೋಡಿದಳು. ಬೋಗಿಗಳೆಲ್ಲ ಸರಿಯಾಗಿಯೇ ಇದ್ದವು. ಅಂದರೆ ಇದು ಕದ್ದದ್ದು. ಅವಳ ಮೈ ಉರಿದುಹೋಯಿತು. ಬೇರೆ ಯಾರೇ ಆಗಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ. ಈ ಮನುಷ್ಯನೂ ಇಂಥವನೇ? ‘ನಮ್ಮ ಹುಡುಗಿ’ ಎನ್ನುತ್ತ ನನ್ನ ಮನೆಗೇ ಕನ್ನ ಹಾಕಿದನೇ? ಕೆಳಗಿಳಿದು, “ಭಾವಾ, ಡಾಕ್ಟ್ರು ಡಬ್ಬಿ ತಗೊಂಡಿದಾರಾ?” ಎಂದು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಮೆಟ್ಟಿಲು ಇಳಿಯುವಷ್ಟು ತಾಳ್ಮೆ ಎಲ್ಲಿತ್ತು! ಕೂತಲ್ಲೇ ಬರೆದಳು.

“ಕೊಂಡವರಿಗೆ ಆ ಸಿಗ್ನಲ್ ಹಸಿರಾಗುತ್ತದೆ ಡಾಕ್ಟರೇ. ಕದ್ದವರಿಗೆ ಆಗುವುದಿಲ್ಲ. ಅದಕ್ಕೆಂದೇ ಬರೆದಿದ್ದೇನೆ. ಹಲ್ಲು ಕೀಳುವವರಿಗೆ ಇಲಿಯ ಸಹವಾಸ ಯಾಕೆ ಬೇಕಿತ್ತು?”

“ನಾನು ಕೊಂಡಿದೀನಿ ಕಣಮ್ಮ. ಡಬ್ಬಿ ಇಲ್ಲೇ ಮೇಜಿನ ಮೇಲಿದೆ.”

“ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಒಂದು ಡಬ್ಬಿ ಕೊಂಡು ಊರಿಗೆಲ್ಲ ನಕಲು ಹಂಚುವ ದೊಡ್ಡ ಮನುಷ್ಯರನ್ನೂ ಕಂಡಿದ್ದೇನೆ.”

ಕಟ್ಟೆ ಚಪ್ಪಾಳೆ ತಟ್ಟಿತು. ಎಂಥ ಬೋನು, ಎಂಥ ತಲೆ ಎಂದು ಹೊಗಳಿಕೆ. ಇಷ್ಟು ದಿನ ಡಾಕ್ಟರ ಬೆಂಚಿನ ಮೇಲೆ ಕೂತು ಅವರ ಮನೆಯ ಬಿಸ್ಕತ್ತು ತಿಂದವರೇ, “ಡಾಕ್ಟ್ರೇ, ಬಿಲ್ ತೋರಿಸಿ” ಎಂದು ಕಿಚಾಯಿಸಿದರು. ಡಾಕ್ಟರು ಮತ್ತೆ ಬರೆಯಲಿಲ್ಲ. ಕಟ್ಟೆಯಿಂದ ಹೆಸರು ತೆಗೆದುಬಿಟ್ಟರು. ಮುಂದಿನ ತಿಂಗಳ ಕೂಟ ನಡೆಯಲಿಲ್ಲ, ಅದರ ಮುಂದಿನದೂ ಇಲ್ಲ. ಮೆಣಸಕ್ಕನಿಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ. ಕಳ್ಳನ ಮನೆ ಕೂಟ ನಿಂತರೆ ನಿಲ್ಲಲಿ ಎಂದಳು.

ಆಮೇಲೆ ಒಬ್ಬೊಬ್ಬರೇ ಏಳನೇ ಯಾರ್ಡು ತಲುಪಿದರು. ಒಬ್ಬ ಬಸ್ ಡ್ರೈವರ್ ಬರೆದ, ಸಿಗ್ನಲ್ ಕೆಂಪು. ಒಬ್ಬ ಟೈಲರಮ್ಮ ಬರೆದರು, ಸಿಗ್ನಲ್ ಕೆಂಪು. ಮೆಣಸಕ್ಕ ಒಬ್ಬೊಬ್ಬರನ್ನೂ ಹಿಡಿದು ಝಾಡಿಸಿದಳು. ಬೋನಿಗೆ ಇಲಿಗಳು ಸಾಲುಗಟ್ಟಿ ಬೀಳುತ್ತಿವೆ ಎಂದು ಅವಳ ಎಣಿಕೆ. ನಿಜವಾದ ಇಲಿ ಮಾತ್ರ ಬಿದ್ದಿರಲೇ ಇಲ್ಲ. ಅದು ಆಗಲೇ ಬೋನನ್ನೇ ಬಿಚ್ಚಿ ಬದಿಗಿಟ್ಟು, ಏಳನೇ ಸಿಗ್ನಲ್ ಹಸಿರಾಗುವ ನಕಲನ್ನು ಹಂಚಿತ್ತು. ಕಟ್ಟೆಯ ಗದ್ದಲ ಮೆಲ್ಲಗೆ ತಣ್ಣಗಾಯಿತು. ದೂರುಗಳು ನಿಂತವು. ಆರ್ಡರುಗಳೂ ನಿಂತವು.

ಒಂದು ರಜಾದಿನದ ಬೆಳಿಗ್ಗೆ ಅಕ್ಕ ಮುಂದಿನ ಕೋಣೆಯಲ್ಲಿ ಮಾರಾಟವಾಗದ ಡಬ್ಬಿಗಳ ಧೂಳು ಒರೆಸುತ್ತಿದ್ದಳು. ಮೆಣಸಕ್ಕ ಅಲ್ಲೇ ನಿಂತು ಇಲಿಗೂ, ಇಲಿಯ ಹೆತ್ತವರಿಗೂ ಸಹಸ್ರನಾಮಾರ್ಚನೆ ಮಾಡುತ್ತಿದ್ದಳು.

“ಒಂದು ಮಾತು ಕೇಳ್ಲಾ?” ಅಂದಳು ಅಕ್ಕ, ಒರೆಸುವುದನ್ನು ನಿಲ್ಲಿಸದೆ. “ಆ ಟೈಲರಮ್ಮಂಗೆ ಡಬ್ಬಿ ಕಟ್ಟಿ ಅಂಚೆಗೆ ಹಾಕಿದ್ದು ನಾನೇ ಕಣೆ. ಬಸ್ ಡ್ರೈವರ್‌ಗೂ ನಾನೇ. ನೀನು ಅವರನ್ನ ಕಳ್ಳರು ಅಂತಿದೀಯ. ಕೊಂಡೋರೆಲ್ಲಾ ಕಳ್ಳರು ಅಂದ್ರೆ, ನಾವು ಮಾರಿದ್ದು ಯಾರಿಗೆ?”

“ನಿನಗೆ ಅರ್ಥ ಆಗಲ್ಲ ಸುಮ್ನಿರು. ಕದ್ದು ನಕಲು ಮಾಡದೆ ಇದ್ರೆ ಆ ಸಿಗ್ನಲ್ ಕೆಂಪಾಗಿ ಉಳಿಯೋದೇ ಇಲ್ಲ.”

“ನನಗೆ ಅರ್ಥ ಆಗಲ್ಲ ಸರಿ. ನೀನೇ ಒಂದು ಡಬ್ಬಿ ಒಡೆದು ಆಡಿ ನೋಡು.”

ಮೆಣಸಕ್ಕನಿಗೆ ರೇಗಿತು. ತಾನು ಬರೆದ ಆಟವನ್ನು ತಾನೇ ಪರೀಕ್ಷೆ ಮಾಡಬೇಕೇ? ಬರೆಯುವಾಗ ನೂರು ಸಲ ಆಡಿದ್ದಾಯಿತು, ಎಲ್ಲವೂ ಮಹಡಿಯಲ್ಲಿದ್ದ ಮೂಲ ಫ್ಲಾಪಿಯಿಂದ. ಮಾರಾಟಕ್ಕೆ ಹೋಗುವ ಡಬ್ಬಿಯನ್ನು ಒಡೆದು ಆಡಿದ್ದು ಮಾತ್ರ ಒಂದು ಸಲವೂ ಇಲ್ಲ. ಅಕ್ಕನ ಬಾಯಿ ಮುಚ್ಚಿಸಬೇಕೆಂದೇ ಒಂದು ಡಬ್ಬಿ ಕಿತ್ತುಕೊಂಡು ಮಹಡಿ ಹತ್ತಿದಳು.

ದಾರಿ ಎಲ್ಲ ಗೊತ್ತಿದ್ದರೂ ಏಳನೇ ಯಾರ್ಡು ತಲುಪುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಬೋಗಿಗಳನ್ನು ಒಂದೊಂದಾಗಿ ತಳ್ಳಿದಳು. ಕೊನೆಯ ಬೋಗಿ ಟಕ್ ಎಂದು ಕೂತಿತು. ಸಿಗ್ನಲ್ ಕೆಂಪಾಗಿತ್ತು. ಎಲ್ಲೋ ತಪ್ಪಿದೆ ಎಂದು ಬಿಚ್ಚಿ ಮತ್ತೆ ಜೋಡಿಸಿದಳು. ಕೆಂಪು. ಗುಂಡಿಗಳನ್ನು ಗುದ್ದಿದಳು. ಕೆಂಪು. ಅವಳು ಹೆತ್ತ ಆಟ ಅವಳನ್ನೇ ಕಳ್ಳಿ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಡಾಕ್ಟರಿಗೆ ಅವಳು ಹೇಳಿದ್ದ ಹಾಗೆಯೇ.

ಧಡಧಡ ಕೆಳಗಿಳಿದಳು. “ಭಾವಾ! ಈ ಫ್ಲಾಪಿ ಯಾವುದರಲ್ಲಿ ನಕಲು ಮಾಡಿದ್ರಿ?”

ಭಾವ ಹೆಮ್ಮೆಯಿಂದ ಮೂಲೆಗೆ ಕೈ ತೋರಿಸಿದ. ಹಳೇ ಯಂತ್ರ ಇದ್ದ ಜಾಗದಲ್ಲಿ ಹೊಳೆಯುವ ಹೊಸದೊಂದು ಕೂತಿತ್ತು. “ಹಳೇದರಲ್ಲಿ ಒಂದೊಂದೇ ತೂರಿಸಿ ತೂರಿಸಿ ಕತ್ತು ಹಿಡ್ಕೊಂಡಿತ್ತು ನಾದಿನಿ. ಇದು ಒಂದೇ ಏಟಿಗೆ ಹತ್ತು ಮಾಡುತ್ತೆ. ಜಾಣ ಯಂತ್ರ. ನಿನ್ನ ಫ್ಲಾಪೀಲಿ ಎಲ್ಲೋ ಒಂದು ಮೂಲೆ ಕೆಟ್ಟಿತ್ತಂತೆ, ಅದನ್ನೂ ತಾನಾಗೇ ಸರಿ ಮಾಡ್ಕೊಳ್ತು. ದೋಷ ತಿದ್ದಲಾಗಿದೆ ಅಂತ ತೋರಿಸ್ತು ನೋಡು, ಖುಷಿ ಆಯ್ತು.”

ಆ ಕ್ಷಣ ಮೆಣಸಕ್ಕ ಏನೇನು ಅಂದಳೋ ಬರೆಯುವುದು ಬೇಡ. ಅಕ್ಕನ ಗಂಡ ಎಂದು ನೋಡಲಿಲ್ಲ, ವಯಸ್ಸು ನೋಡಲಿಲ್ಲ. ನಿಮ್ಮ ತಲೆಯಲ್ಲಿ ಇರುವುದು ಮೆದುಳೋ ತೌಡೋ ಎಂದಳು. ನನ್ನನ್ನು ಕೇಳದೆ ಯಂತ್ರ ಬದಲಿಸಲು ನೀವ್ಯಾರು ಎಂದಳು. ಹೊಸ ಯಂತ್ರವನ್ನು ಎತ್ತಿ ಬೀದಿಗೆ ಎಸೆಯಲು ಹೋದಳು. ಅದು ಭಾರವಿತ್ತು, ಆಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ಭಾವನ ನಗು ಅಂದು ಮೊದಲ ಸಲ ಆರಿತು. “ಕೆಟ್ಟಿದ್ದನ್ನ ಸರಿ ಮಾಡಿದೆ. ಅದು ಬೇಕೂಂತ ಕೆಡಿಸಿದ್ದು ಅಂತ ನನಗೆ ಹೇಳಿದ್ಯಾ?”

ಅವಳು ಹೊಸ ಯಂತ್ರದ ಕಡೆ ಮುಖ ತಿರುಗಿಸಿದಳು.

“ಹೇಳಿದ್ಯಾ?” ಭಾವ ದನಿ ಏರಿಸಿದ. “ಇಷ್ಟು ವರ್ಷ ನಿನ್ನ ಫ್ಲಾಪಿ ಕಾಯ್ಕೊಂಡು ಬಂದೆ. ನನ್ನನ್ನೂ ಕಳ್ಳನ ಲೆಕ್ಕಕ್ಕೇ ಸೇರಿಸಿದ್ದೆ, ಅಲ್ವಾ?”

“ಇಲಿ ಕಾಟ ಅಂತ ಮನೆಗೇ ಬೆಂಕಿ ಹಚ್ಚಿದೆ ಕಣೆ,” ಅಂದಳು ಅಕ್ಕ. “ಇಲಿ ಆರಾಮಾಗಿ ಹೊರಗಿದೆ. ಒಳಗಿದ್ದೋರು ಸುಟ್ಟುಹೋದ್ರು.”

ಅಕ್ಕನ ಮೇಲೆ ರೇಗಲು ಬಾಯಿ ತೆರೆದವಳು ಸೀದಾ ಮೇಲೆ ಹೋಗಿ ಬೋನನ್ನು ಕಿತ್ತು ಹಾಕಿದಳು. ಬರೆಯಲು ತಿಂಗಳು ಹಿಡಿದಿದ್ದ ಬೋನು ಅಳಿಸಲು ಒಂದು ಗಳಿಗೆ ಸಾಕಾಯಿತು. ಭಾವ ಮುಖ ಊದಿಸಿಕೊಂಡೇ ಹೊಸ ಫ್ಲಾಪಿಗಳನ್ನು ಮಾಡಿದ. ಈ ಸಲ ಅಕ್ಕ ಸುತ್ತಿಟ್ಟ ಡಬ್ಬಿಯನ್ನೇ ಒಡೆದು, ಏಳನೇ ಸಿಗ್ನಲ್ ಹಸಿರಾಗುವ ತನಕ ಮೆಣಸಕ್ಕ ಆಡಿ ನೋಡಿದಳು. ಕೊಂಡವರಿಗೆಲ್ಲ ಹೊಸ ಫ್ಲಾಪಿ ಅಂಚೆಯಲ್ಲಿ ಹೋಯಿತು. ಆಮೇಲೆ ಕಟ್ಟೆಯಲ್ಲಿ ಬರೆದಳು. ಸುತ್ತಿ ಬಳಸಿ ಬರೆಯಲು ಅವಳಿಗೆ ಬರುತ್ತಿರಲಿಲ್ಲ.

“ಯಾರ್ಡು ಆಟ ಕೊಂಡ ಯಾರಿಗೂ ಏಳನೇ ಸಿಗ್ನಲ್ ಹಸಿರಾಗಲಿಲ್ಲ. ತಪ್ಪು ನನ್ನದು. ನನ್ನ ಬೋನು ಕೊಂಡವರನ್ನೇ ಹಿಡಿಯಿತು. ನಿಮ್ಮಲ್ಲಿ ಕಳ್ಳರು ಅನ್ನಿಸಿಕೊಂಡವರು ಯಾರೂ ಕಳ್ಳರಲ್ಲ. ಹಲ್ಲಿನ ಡಾಕ್ಟರಂತೂ ಖಂಡಿತ ಅಲ್ಲ. ಅವರನ್ನು ನಾನು ನಿಮ್ಮೆಲ್ಲರ ಮುಂದೆ ಬೈದೆ, ನಿಮ್ಮೆಲ್ಲರ ಮುಂದೆಯೇ ಕ್ಷಮೆ ಕೇಳುತ್ತಿದ್ದೇನೆ.”

ಒಬ್ಬರೂ ತಿರುಗಿ ಬೈಯಲಿಲ್ಲ. ಬೈದಿದ್ದರೆ ಅವಳೂ ಬೈದು ಹಗುರಾಗಬಹುದಿತ್ತು. “ಆಯ್ತು” ಎಂದು ಇಬ್ಬರು ಬರೆದರು, ಉಳಿದವರು ಅದನ್ನೂ ಬರೆಯಲಿಲ್ಲ. ಚಪ್ಪಾಳೆ ತಟ್ಟಿದ್ದವರಂತೂ ಆ ಕಡೆ ತಲೆಯೇ ಹಾಕಲಿಲ್ಲ.

ಡಾಕ್ಟರ ಫ್ಲಾಪಿಯನ್ನು ಮಾತ್ರ ಅಂಚೆಗೆ ಹಾಕಲಿಲ್ಲ. ತಾನೇ ತೆಗೆದುಕೊಂಡು ಹೋದಳು. ಗೋದಾಮಿಗೆ ರಜೆ ಹಾಕಿ, ದವಾಖಾನೆಯ ಬೆಂಚಿನ ಮೇಲೆ ದವಡೆ ಹಿಡಿದವರ ನಡುವೆ ಕೂತಳು. ಮೂಲೆಯ ಮೇಜಿನ ಮೇಲೆ ಬೂದಿ ಇರಲಿಲ್ಲ. ಅಲ್ಲೊಂದು ನೀರಿನ ಕ್ಯಾನು ಇಟ್ಟಿದ್ದರು. ಅವಳ ಸರದಿ ಬಂದಾಗ ಒಳಗೆ ಹೋದಳು.

ಡಾಕ್ಟರು ಕೈ ತೊಳೆಯುತ್ತಿದ್ದರು. ತಿರುಗಿ ನೋಡಿ, ಕೈ ಒರೆಸಿಕೊಂಡು, “ಕೂತ್ಕೊಳ್ಳಿ. ಯಾವ ಹಲ್ಲು?” ಎಂದರು.

ಅವರು ಎಂದೂ ಅವಳನ್ನು ನೀವು ಎಂದವರಲ್ಲ. ಆ ಬಹುವಚನ ಕೆನ್ನೆಗೆ ಬಾರಿಸಿದ ಹಾಗಾಯಿತು.

“ಹಲ್ಲಲ್ಲ ಡಾಕ್ಟ್ರೇ. ನಂದು ತಪ್ಪಾಯ್ತು. ನೀವು ಕದ್ದಿರಲಿಲ್ಲ. ನಮ್ಮ ಫ್ಲಾಪಿಯೇ ತಪ್ಪಿತ್ತು.”

“ಊರ ಮುಂದೆ ಬೈದು, ಕೋಣೆಯೊಳಗೆ ಬಂದು ತಪ್ಪಾಯ್ತು ಅಂತೀರಾ?”

“ಊರ ಮುಂದೇನೂ ಹೇಳಿದೀನಿ. ನಿಮ್ಮ ಹೆಸರು ಹೇಳಿಯೇ ಬರೆದೆ. ನೀವು ಕಟ್ಟೆ ಬಿಟ್ಟಿದೀರಲ್ಲ, ನೋಡಿಲ್ಲ ಅಷ್ಟೆ.” ಅವಳು ಡಬ್ಬಿಯನ್ನು ಔಷಧಿಯ ತಟ್ಟೆಯ ಪಕ್ಕ ಇಟ್ಟಳು. “ಇದರಲ್ಲಿ ಸರಿಯಾಗಿದೆ. ಏಳನೆಯದು ಹಸಿರಾಗುತ್ತೆ. ನಾನೇ ಆಡಿ ನೋಡಿದೀನಿ.”

ಡಾಕ್ಟರು ಡಬ್ಬಿಯನ್ನು ಮುಟ್ಟಲಿಲ್ಲ. ಅದರ ಮೇಲಿನ ಚಿತ್ರ ನೋಡಿದರು. 

“ನಿಮ್ಮ ಆಟ ನಾನು ಮುಗಿಸಿ ಆಯ್ತು,” ಅಂದರು. “ಇಲಿ ನಕಲಲ್ಲಿ.”

“ನೀವಾ?” ಎಂದಳು ಅವಳು.

“ಮೊದಲು ಬೇಡ ಅಂದ್ಕೊಂಡೆ. ಈ ವಯಸ್ಸಿನವರೆಗೆ ಯಾರದ್ದೂ ಒಂದು ಕಡ್ಡಿ ಮುಟ್ಟಿದವನಲ್ಲ ನಾನು. ಆದ್ರೆ ಊರಲ್ಲೆಲ್ಲಾ ಕಳ್ಳ ಅನ್ನಿಸ್ಕೊಂಡಾಗಿದೆ, ಇನ್ನು ಕದಿಯೋದಕ್ಕೇನು ಅಂತ ಒಂದಿನ ಕೂತು ಇಳಿಸ್ಕೊಂಡೆ. ಏಳನೇ ಯಾರ್ಡು ಮುಗಿಸ್ದೆ. ಸಿಗ್ನಲ್ ಹಸಿರಾಯ್ತು, ರೈಲು ಹೊರಡ್ತು.” ಅವರು ಕೈ ಒರೆಸಿದ್ದ ಬಟ್ಟೆಯನ್ನು ಸಿಟ್ಟಿನಿಂದ ಮೇಜಿನ ಮೇಲೆ ಕುಕ್ಕಿದರು. “ಎಷ್ಟು ಚೆನ್ನಾಗಿತ್ತು ಗೊತ್ತಾ? ಇಷ್ಟು ವರ್ಷದಲ್ಲಿ ಯಾರೂ ಅಂಥದ್ದು ಮಾಡಿಲ್ಲ. ಅದನ್ನ ನಾನು ಕದ್ದು ನೋಡ್ಬೇಕಾಯ್ತು. ಮಾರನೇ ದಿನ ಬೂದಿ ತೆಗೆದು ಅಟ್ಟಕ್ಕೆ ಹಾಕಿದೆ.”

“ಡಾಕ್ಟ್ರೇ, ನೀವು ಕೊಂಡಿದ್ರಿ. ಕೊಂಡವರು ಎಲ್ಲಿಂದ ಆಡಿದ್ರೂ ಅದು ಕದ್ದ ಹಾಗಲ್ಲ...”

“ಅದನ್ನ ನನಗೆ ಹೇಳ್ಬೇಡಿ. ಇಳಿಸ್ಕೊಳ್ಳೋವಾಗ ನನ್ನ ಮನಸ್ಸಲ್ಲಿ ಏನಿತ್ತು ಅನ್ನೋದು ನನಗೆ ಗೊತ್ತು.” ಅವರು ಡಬ್ಬಿಯನ್ನು ಅವಳ ಕಡೆ ತಳ್ಳಿದರು. “ಕಟ್ಟೇಲಿ ಹೋಗಿ ಇನ್ನೊಂದು ಸಲ ಬರೀರಿ. ಕ್ಷಮೆ ಬೇಡ. ನೀವು ನನ್ನನ್ನ ಕಳ್ಳ ಅಂದ ದಿನ ಅದು ಸುಳ್ಳಾಗಿತ್ತು ಅಂತ ಬರೀರಿ. ಆ ದಿನ ಅಂತ ಸೇರಿಸಿ ಬರೀರಿ.”

ಹೊರಗೆ ಯಾರೋ ನೋವಿಗೆ ನರಳಿದರು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಮುಂದಿನವರನ್ನು ಕರೆದರು. ಮೆಣಸಕ್ಕ ಡಬ್ಬಿ ಎತ್ತಿಕೊಂಡು ಹೊರಗೆ ಬಂದಳು. ಯಾರ ಮೇಲಾದರೂ ರೇಗಬೇಕೆನ್ನಿಸಿತು, ಎಂದಿನ ಹಾಗೆ. ಇಲಿಯನ್ನು ನೆನೆದಳು, ಭಾವನನ್ನು ನೆನೆದಳು, ಆ ಹೊಳೆಯುವ ಯಂತ್ರವನ್ನು ನೆನೆದಳು. ಯಾವುದರ ಮೇಲೂ ಸಿಟ್ಟು ನಿಲ್ಲಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಮೊಬೈಲು ತೆಗೆದು, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯತೊಡಗಿದಳು.